ಮೂರೂರಿನ ನೀರು

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟರು. ನಾವು ಅದನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಪಾಸೂ ಆದೆವು. ಆ ಮೇಷ್ಟರು ತುಮಕೂರಿನ ಕೊಳವೆಬಾವಿಯ ನೀರನ್ನು ಕುಡಿದವರಲ್ಲವೆಂದು ಈಗ ತೋರುತ್ತದೆ. ನಮ್ಮ ಬಡಾವಣೆಯ ನೀರಿಗೆ ರುಚಿಯಿದೆ. ಆ ರುಚಿಗೆ ಕನ್ನಡದಲ್ಲಿ ಹೆಸರು ಮಾತ್ರ ಇಲ್ಲ. ಅದರಲ್ಲಿ ಸ್ನಾನಕ್ಕೆ ಕುಳಿತರೆ ಸೋಪು ನೊರೆಗಟ್ಟುವುದಿಲ್ಲ. ಹಂಡೆಯ ತಳದಲ್ಲಿ ಸುಣ್ಣ ಪದರಪದರವಾಗಿ ಕೂರುತ್ತದೆ. ತೊಗರಿಬೇಳೆಯಂತೂ ಗಂಟೆಗಟ್ಟಲೆ ಕುದಿದರೂ ಕಾಳುಕಾಳಾಗಿಯೇ ಉಳಿದು ಅಡಿಗೆಯವರ ಮುಖ ನೋಡುತ್ತದೆ. ‘ಅವನ ಬೇಳೆ ಇಲ್ಲಿ ಬೇಯಲಿಲ್ಲ’ ಎಂಬ ಮಾತನ್ನು ಮೊದಲು ಆಡಿದವಳು ಗಡಸು ನೀರಿನ ಊರಿಗೆ ಸೊಸೆಯಾಗಿ ಬಂದ ಹೆಣ್ಣುಮಗಳೇ ಇರಬೇಕು.

ನೀರಿನ ವಿಷಯದಲ್ಲಿ ಇಷ್ಟು ಮಾತನಾಡುವ ಅಧಿಕಾರ ನನಗೆ ಹೇಗೆ ಬಂತೆಂದು ತಾವು ಕೇಳಬಹುದು. ಹನ್ನೊಂದು ವರ್ಷಗಳಿಂದ ನಮ್ಮ ನಡುಮನೆಯಲ್ಲಿ ಒಂದು ಗಾಜಿನ ತೊಟ್ಟಿಯಿದೆ. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ತಳದ ಮಣ್ಣು ಮರಳನ್ನು ಕಳೆದರೆ ಸುಮಾರು 120 ಲೀಟರು ನೀರು ಹಿಡಿಯುತ್ತದೆ. ಅದರಲ್ಲಿ ಪ್ಲಾಸ್ಟಿಕ್ಕಿನ ಅರಮನೆಯಿಲ್ಲ, ಗುಳ್ಳೆ ಬಿಡುವ ಬೊಂಬೆಯಿಲ್ಲ. ಬೇರೂರಿ ಬೆಳೆದ ಗಿಡಗಳಿವೆ, ಅವುಗಳ ನಡುವೆ ಮೀನುಗಳಿವೆ. ನಾನು ಮೀನು ಸಾಕುತ್ತೇನೆಂದು ಜನ ತಿಳಿದಿದ್ದಾರೆ. ಸತ್ಯವಾಗಿ ಹೇಳುವುದಾದರೆ ನಾನು ಸಾಕುತ್ತಿರುವುದು ನೀರನ್ನು. ನೀರು ನೆಟ್ಟಗಿದ್ದರೆ ಮೀನು, ಗಿಡ ತಮ್ಮನ್ನು ತಾವೇ ಸಾಕಿಕೊಳ್ಳುತ್ತವೆ.

ಈ ತೊಟ್ಟಿ ಒಂದು ಬಗೆಯ ಬೀಗರ ಮನೆ. ನೀರು ತುಮಕೂರಿನದು, ಮೀನು ಗುಬ್ಬಿಯದು, ಗಿಡ ಕುಣಿಗಲಿನದು. ಗುಬ್ಬಿಗೆ ನಮ್ಮ ಅಕ್ಕನನ್ನು ಕೊಟ್ಟಿದೆ. ಕುಣಿಗಲಿನಿಂದ ನಾನು ಹೆಣ್ಣು ತಂದಿದ್ದೇನೆ. ಅಕ್ಕನ ಮನೆಯ ಹಿತ್ತಲಲ್ಲಿ ಒಂದು ಕಲ್ಲುತೊಟ್ಟಿ. 2001ರ ಡಿಸೆಂಬರಿನಲ್ಲಿ ಗುಬ್ಬಿ ತಾಲ್ಲೂಕಿನ ಮಲೇರಿಯಾಪೀಡಿತ ಹಳ್ಳಿಗಳಲ್ಲಿ ಕಲಾಜಾಥಾ ನಡೆಯಿತು. ಕಲಾವಿದರು ಹಾಡಿ, ಕುಣಿದು, ನಾಟಕವಾಡಿ ಸೊಳ್ಳೆ ಹುಟ್ಟುವುದು ಎಲ್ಲಿ, ಅದರ ಮರಿಯನ್ನು ಮೀನು ತಿನ್ನುವುದು ಹೇಗೆ ಎಂದು ಜನರಿಗೆ ತಿಳಿಸಿದರು. ಗುಬ್ಬಿ ವೀರಣ್ಣನವರ ಸೀಮೆಯಲ್ಲಿ ನಾಟಕದಿಂದ ತಲೆಗೆ ಹತ್ತುವಷ್ಟು ಭಾಷಣದಿಂದ ಹತ್ತುವುದಿಲ್ಲವೆಂದು ಬಲ್ಲವರಾರೋ ಮಾಡಿದ ಏರ್ಪಾಡು. ಅಂಥ ಪ್ರಚಾರದ ಕಾಲದಲ್ಲಿ ಅಕ್ಕನ ತೊಟ್ಟಿಗೂ ಒಂದು ಹಿಡಿ ಗಪ್ಪಿ ಮೀನು ಬಂದು ಬಿದ್ದವು. ದಕ್ಷಿಣ ಅಮೆರಿಕೆಯ ಉತ್ತರ ಅಂಚು, ಟ್ರಿನಿಡಾಡ್ ದ್ವೀಪ ಅವುಗಳ ತವರು. 1866ರಲ್ಲಿ ಅಲ್ಲಿಂದ ಲಂಡನ್ನಿಗೆ ಮಾದರಿ ಕಳುಹಿಸಿದ ಗಪ್ಪಿ ಎಂಬ ಮಹಾಶಯನ ಹೆಸರೇ ಮೀನಿಗೆ ನಿಂತಿತು. ಗಪ್ಪಿ ಗುಬ್ಬಿಗೆ ಬಂದದ್ದು ಕೇವಲ ಅಕ್ಷರಸಾಮ್ಯದಿಂದಲ್ಲ. ಆ ಮೀನಿಗೆ ಗಡಸು ನೀರೆಂದರೆ ಪ್ರೀತಿ. ಅಕ್ಕ ಒಂದು ಹಾರ್ಲಿಕ್ಸ್ ಶೀಶೆಯಲ್ಲಿ ಹನ್ನೆರಡನ್ನು ಹಾಕಿ ನನಗೆ ಕೊಟ್ಟಳು. ಈಗಿರುವವು ಅವುಗಳ ಮರಿಮಕ್ಕಳ ಮರಿಮಕ್ಕಳು.

ಗಿಡಗಳು ಭಾವಮೈದನ ಕೊಡುಗೆ. ಜಾನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಯ ಕಡೆಯಿಂದ ಆತ ಹೈಡ್ರಿಲ್ಲ, ವ್ಯಾಲಿಸ್ನೇರಿಯ ಎಂಬ ಎರಡು ಬಗೆಯ ನೀರುಗಿಡಗಳನ್ನು ಒದ್ದೆ ಟವಲಿನಲ್ಲಿ ಸುತ್ತಿ ತಂದ. ವ್ಯಾಲಿಸ್ನೇರಿಯದ ಎಲೆ ಹಸುರು ರಿಬ್ಬನ್ನಿನಂತೆ ಉದ್ದ. ಪಟಿಕದ ನೀರಿನಲ್ಲಿ ಅದ್ದಿ, ಬಸವನಹುಳುಗಳ ಮೊಟ್ಟೆಯನ್ನು ಕಳೆದು ನೆಟ್ಟೆ. ಇದೇ ವ್ಯಾಲಿಸ್ನೇರಿಯಕ್ಕೆ ಇತಿಹಾಸದಲ್ಲಿ ಒಂದು ಸ್ಥಾನವಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಈ ಗಿಡವನ್ನೂ ಇರಿಸಿದ. ಎಲೆ ಕೊಳೆತು ನೀರು ಕಲಕಿದಾಗ ಕೊಳೆ ತಿನ್ನಲು ಬಸವನಹುಳುಗಳನ್ನು ಸೇರಿಸಿದ. ಮೀನಿನ ಉಸಿರು ಗಿಡಕ್ಕೆ, ಗಿಡದ ಉಸಿರು ಮೀನಿಗೆ ಎಂದು 1850ರಲ್ಲಿ ವಿದ್ವಾಂಸರಿಗೆ ವರದಿ ಒಪ್ಪಿಸಿದ. ನಡುಮನೆಗೆ ಗಾಜಿನ ಕೆರೆ ಬಂದದ್ದು ಆ ಮೇಲೆ.

ಇನ್ನು ನೀರಿನ ವಿಷಯ. ತುಮಕೂರಿನ ಮನೆಗಳಿಗೆ ಎರಡು ನೀರುಗಳುಂಟು. ಒಂದು ನಲ್ಲಿಯದು. ಅದು ಮೂಡಿಗೆರೆಯ ಕಡೆಯ ಮಲೆನಾಡಿನಲ್ಲಿ ಹುಟ್ಟಿದ ಹೇಮಾವತಿ. ಗೊರೂರಿನಲ್ಲಿ ಅಣೆಕಟ್ಟಿಗೆ ಸಿಕ್ಕಿ, ಕಾಲುವೆ ಹಿಡಿದು, ಬಾಗೂರು ನವಿಲೆಯ ಸುರಂಗ ನುಗ್ಗಿ, ಬುಗುಡನಹಳ್ಳಿಯ ಕೆರೆ ಸೇರಿ, ಅಲ್ಲಿ ಶುದ್ಧಿಯಾಗಿ ನಮ್ಮ ಬೀದಿಗೆ ಬರುತ್ತದೆ. ಬಂದ ದಿನ ಬರುತ್ತದೆ ಎನ್ನಿ. ಇನ್ನೊಂದು ನೀರು ಕೆಳಗಿನದು. ಮಳೆಯ ನೀರು ನೆಲಕ್ಕೆ ಇಳಿಯುವಾಗ ಬೇರುಗಳ ಉಸಿರಿನಿಂದ ಇಂಗಾಲಾಮ್ಲವನ್ನು ಹೊತ್ತುಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನಮ್ಮ ಬಂಡೆಗಳ ಸಂದುಗಳಲ್ಲಿ ವರ್ಷಾನುಗಟ್ಟಲೆ ಕುಳಿತು ಸುಣ್ಣದಂಶವನ್ನೂ ಮೆಗ್ನೀಸಿಯಮ್ಮನ್ನೂ ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಇದೇ ಗಡಸುತನ. ಮೇಲಿನ ನೀರು ಓಡಾಡುವ ಹುಡುಗ. ಕೆಳಗಿನ ನೀರು ಬಹುಕಾಲ ಒಂದೇ ಜಾಗದಲ್ಲಿ ಕುಳಿತು ಬಹಳ ತಿಳಿದುಕೊಂಡ ಹಿರಿಯ.

ಖಜಾನೆಯಲ್ಲಿ ಲೆಕ್ಕ ಬರೆದು ನಿವೃತ್ತನಾದವನಿಗೆ ಎಲ್ಲವನ್ನೂ ಪುಸ್ತಕಕ್ಕೆ ಏರಿಸುವ ಚಟ. ಸಣ್ಣ ಶೀಶೆಯ ದ್ರವವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಬಣ್ಣ ಬದಲಾಗುವವರೆಗೆ ಎಣಿಸುವ ಪರೀಕ್ಷೆಯೊಂದಿದೆ. ಒಂದು ತೊಟ್ಟಿಗೆ ಒಂದು ಡಿಗ್ರಿ ಗಡಸುತನ. ಒಂದು ಡಿಗ್ರಿಯೆಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಸುಣ್ಣದ ಕಲ್ಲಿಗೆ ಸಮ. ನನ್ನ ಪುಸ್ತಕದಲ್ಲಿ ನಲ್ಲಿ ನೀರು 5 ಡಿಗ್ರಿ, ಕೊಳವೆಬಾವಿ 26, ತಾರಸಿಯ ಮಳೆನೀರು ಸೊನ್ನೆ. ಕುಡಿಯುವ ನೀರಿಗೆ ಸರಕಾರದ ಪ್ರಮಾಣ ಲೀಟರಿಗೆ 200 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 600. ಅಂದರೆ ಸುಮಾರು 11 ಡಿಗ್ರಿಗೆ ‘ಒಳ್ಳೆಯದು’, 33ಕ್ಕೆ ‘ಅನಿವಾರ್ಯ’. ನಮ್ಮ ಬಡಾವಣೆ ಎರಡರ ನಡುವೆ ಬಾಳುತ್ತಿದೆ.

ಮೂರು ಕೊಡ ಹೇಮಾವತಿಗೆ ಒಂದು ಕೊಡ ಕೊಳವೆಬಾವಿ ಬೆರೆಸಿದರೆ 10 ಡಿಗ್ರಿ ಬರುತ್ತದೆ. ತೊಟ್ಟಿಯ ನೀರನ್ನು ನಾನು ಆ ಮಟ್ಟದಲ್ಲಿ ಇರಿಸಿದ್ದೇನೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ರಾತ್ರಿ ಬಕೆಟ್ಟಿನಲ್ಲಿ ತೆರೆದಿಡುತ್ತೇನೆ. ಅವಸರವಾದರೆ ಹಿಂದೆ ಫೋಟೋ ತೊಳೆಯಲು ಬಳಸುತ್ತಿದ್ದ ಹೈಪೋ ಒಂದು ಹರಳು ಸಾಕು. ಕೊಳವೆಬಾವಿಯ ನೀರನ್ನೂ ಒಂದು ದಿನ ಇಡಬೇಕು, ಆದರೆ ಕಾರಣ ಬೇರೆ. ಆಳದಿಂದ ಬಂದ ನೀರು ಒತ್ತಿ ತುಂಬಿದ ಇಂಗಾಲಾಮ್ಲವನ್ನು ಹೊತ್ತು ಬರುತ್ತದೆ. ಅದು ಗಾಳಿಗೆ ಹಾರಿಹೋಗುವವರೆಗೆ ನೀರಿನ ನಿಜವಾದ ಸ್ವಭಾವ ತಿಳಿಯುವುದಿಲ್ಲ. ಹೊಸ ಅಳಿಯನಂತೆ.

ಆ ಸ್ವಭಾವವನ್ನು ಅಳೆಯುವ ಕೋಲು ಪಿ.ಎಚ್. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಸೋರೆನ್‌ಸೆನ್ ಎಂಬಾತ ಇದನ್ನು ಕಂಡುಹಿಡಿದ. ಬಿಯರ್ ತಯಾರಿಸುವವರ ಹಣದಿಂದ ನಡೆದ ಸಂಶೋಧನೆ ನಮ್ಮಂಥ ಕಾಫಿ ಕುಡಿಯುವವರಿಗೂ ಉಪಯೋಗವಾಯಿತು. 7 ಎಂದರೆ ಸಮ. ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕಿ ಏರಿದರೆ ಹತ್ತು ಪಟ್ಟು ಬದಲಾದಂತೆ. ನನ್ನ ತೊಟ್ಟಿಯಲ್ಲಿ ಬೆಳಗಿನ ಆರು ಗಂಟೆಗೆ 7.4, ಸಂಜೆ ಆರಕ್ಕೆ 8. ರಾತ್ರಿಯೆಲ್ಲ ಮೀನು ಗಿಡ ಎರಡೂ ಉಸಿರಾಡಿ ಇಂಗಾಲಾಮ್ಲ ತುಂಬುತ್ತವೆ. ಹಗಲಿನಲ್ಲಿ ಗಿಡ ಅದನ್ನು ಉಂಡು ಬಿಡುತ್ತದೆ. ಅನಿಲ ಸಾಲದಾದಾಗ ಈ ಕುಣಿಗಲಿನ ಗಿಡಗಳು ನೀರಿನ ಬೈಕಾರ್ಬೊನೇಟನ್ನೇ ಒಡೆದು ಇಂಗಾಲ ಹೀರುತ್ತವೆ. ಉಳಿದ ಸುಣ್ಣ ಎಲೆಯ ಮೇಲೆ ಬೂದಿ ಬಳಿದಂತೆ ಕೂರುತ್ತದೆ. ಕೆಲವರು ಅದನ್ನು ರೋಗವೆಂದು ತಿಳಿಯುತ್ತಾರೆ. ಅದು ಊಟ ಮಾಡಿದವನ ಎಲೆಯಲ್ಲಿ ಉಳಿದ ಕರಿಬೇವು, ಅಷ್ಟೆ.

ನನಗೆ ಪರಿಚಿತರಾದ ಒಬ್ಬ ತರುಣರು ಯಾವುದೋ ಪುಸ್ತಕದಲ್ಲಿ ಮೀನಿಗೆ 6.5 ಉತ್ತಮವೆಂದು ಓದಿ, ಅಂಗಡಿಯಿಂದ ಪಿ.ಎಚ್. ಇಳಿಸುವ ಔಷಧ ತಂದರು. ಔಷಧವೆಂದರೆ ಆಮ್ಲ. ಹಾಕಿದ ಸಂಜೆ ಇಳಿಯಿತು, ಮರುದಿನ ಮತ್ತೆ ಏರಿತು. ಮತ್ತೆ ಹಾಕಿದರು, ಮತ್ತೆ ಏರಿತು. ಈ ಹಗ್ಗಜಗ್ಗಾಟದಲ್ಲಿ ಎದುರು ನಿಂತದ್ದು ನೀರಿನ ಬೈಕಾರ್ಬೊನೇಟು. ಪ್ರತಿ ಸಲವೂ ಆಮ್ಲವನ್ನು ತಾನು ನುಂಗಿ ನೀರನ್ನು ಕಾಯುತ್ತದೆ, ಕಾಯುತ್ತ ಕಾಯುತ್ತ ತಾನು ಸವೆಯುತ್ತದೆ. ಸವೆಯುವುದು ಕಣ್ಣಿಗೆ ಕಾಣುವುದಿಲ್ಲ. ಒಂಬತ್ತನೆಯ ದಿನ ಅದು ಮುಗಿಯಿತು. ಅಂದು ಹಾಕಿದ ಆಮ್ಲಕ್ಕೆ ತಡೆಯೇ ಇಲ್ಲದೆ ಒಂದೇ ರಾತ್ರಿಯಲ್ಲಿ ನೀರು ಹುಳಿಯಾಯಿತು. ಬೆಳಗ್ಗೆ ಮೀನುಗಳೆಲ್ಲ ಮೇಲೆ ತೇಲುತ್ತಿದ್ದವು. ಪಾಪ, ಆ ತರುಣರು ವಾರದವರೆಗೆ ಸರಿಯಾಗಿ ಊಟ ಮಾಡಲಿಲ್ಲ. ಮನೆಯಲ್ಲಿ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುವವರೊಬ್ಬರು ಇರುತ್ತಾರಲ್ಲ, ಅವರ ತಾಳ್ಮೆಗೂ ಹೀಗೆಯೇ ಒಂದು ಲೆಕ್ಕವಿರುತ್ತದೆ.

ಹಾಗೆಂದು ಗಡಸು ನೀರೇ ಶ್ರೇಷ್ಠವೆಂದು ಹೇಳಲಾರೆ. ಮೀನಿನ ಮಲದಿಂದ, ಮಿಕ್ಕ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಅದಕ್ಕೆ ಎರಡು ವೇಷ: ಒಂದು ಹೆಚ್ಚು ಕೆಡುಕಿಲ್ಲದ ಅಮೋನಿಯಂ, ಇನ್ನೊಂದು ಕಿವಿರನ್ನು ಸುಡುವ ಅಮೋನಿಯ. ನಮ್ಮ ಊರಿನ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ಇನ್ನೂರರಲ್ಲಿ ಸುಮಾರು ಒಂದು ಪಾಲು ಮಾತ್ರ ವಿಷದ ವೇಷದಲ್ಲಿರುತ್ತದೆ. 8ಕ್ಕೆ ಏರಿದರೆ ಇಪ್ಪತ್ತರಲ್ಲಿ ಒಂದು ಪಾಲು. ಅದೇ ಕೊಳೆ, ಹತ್ತರಷ್ಟು ವಿಷ. ನಮ್ಮ ಕಡೆಯ ನೀರಿನಲ್ಲಿ ಮೀನು ಸಾಕುವವರು ಕೈಯಳತೆಯಲ್ಲಿ ಆಹಾರ ಹಾಕಬೇಕಾದದ್ದು ಇದಕ್ಕೇ. ಈ ಅಮೋನಿಯವನ್ನು ಮೊದಲು ನೈಟ್ರೈಟಾಗಿ, ಆ ಮೇಲೆ ನೈಟ್ರೇಟಾಗಿ ಪರಿವರ್ತಿಸುವ ಸೂಕ್ಷ್ಮಜೀವಿಗಳು ಮರಳಿನ ಕಣಕಣದಲ್ಲೂ ಮನೆಮಾಡಿವೆ; ಅವುಗಳನ್ನು 1890ರ ಹೊತ್ತಿಗೆ ಬೇರ್ಪಡಿಸಿ ತೋರಿಸಿದವನು ರಷ್ಯದ ವಿನೋಗ್ರಾಡ್‌ಸ್ಕಿ. ಕೊನೆಗೆ ಉಳಿದ ನೈಟ್ರೇಟು ಗಿಡಕ್ಕೆ ಗೊಬ್ಬರ. ಹೊಸ ತೊಟ್ಟಿಯಲ್ಲಿ ಈ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ದುಡ್ಡು ಕೊಟ್ಟು ಅವಸರಪಡಿಸಲು ಬಾರದ ಕೆಲಸಗಳಲ್ಲಿ ಇದೊಂದು.

ಎದುರುಮನೆಯ ಅಜ್ಜಿಗೆ ಈ ತೊಟ್ಟಿಯ ಮೇಲೆ ಕೋಪವಿತ್ತು. 2023ರ ಮುಂಗಾರು ಕೈಕೊಟ್ಟಿತಲ್ಲ, ಆ ಮುಂದಿನ ಬೇಸಿಗೆಯ ಮಾತು. ನಲ್ಲಿ ಬರುವುದು ಅಪರೂಪವಾಗಿ, ಬೀದಿಯ ತುದಿಯಲ್ಲಿ ಟ್ಯಾಂಕರಿಗಾಗಿ ಕೊಡಗಳು ಸಾಲು ನಿಂತಿದ್ದವು. ‘ಜನಕ್ಕೇ ನೀರಿಲ್ಲ, ಇವರ ಮನೆಯಲ್ಲಿ ಮೀನು ಈಜಾಡುತ್ತಿದೆ’ ಎಂದು ಅಜ್ಜಿ ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. ಮಾತಿನಲ್ಲಿ ನ್ಯಾಯವಿತ್ತು. ನಲ್ಲಿಯ ಹನಿಹನಿಯೂ ಅಡಿಗೆಗೆ, ಕುಡಿಯುವುದಕ್ಕೆ. ತೊಟ್ಟಿಗೆ ಅದರಲ್ಲಿ ಪಾಲಿಲ್ಲವೆಂದು ಮನೆಯಲ್ಲಿ ನಿರ್ಧರಿಸಿದೆವು. ಶೇಖರಿಸಿದ್ದ ಮಳೆನೀರು ಮಾರ್ಚಿಗೇ ಮುಗಿದಿತ್ತು. ಉಳಿದದ್ದು 26 ಡಿಗ್ರಿಯ ಕೊಳವೆಬಾವಿ.

ಗಪ್ಪಿ 26 ಡಿಗ್ರಿಯಲ್ಲೂ ಬದುಕುತ್ತದೆ, 5ರಲ್ಲೂ ಒಂದಿಷ್ಟು ಕಾಲ ಬದುಕುತ್ತದೆ. ಇಂದು 10 ಇದ್ದದ್ದು ನಾಳೆ 26 ಆದರೆ ಬದುಕುವುದು ಕಷ್ಟ. ಮೀನಿನ ಮೈಯೊಳಗಿನ ನೀರಿಗೂ ಹೊರಗಿನ ನೀರಿಗೂ ಸದಾ ಒಂದು ಒಪ್ಪಂದ; ಅದನ್ನು ಮಾರ್ಪಡಿಸಿಕೊಳ್ಳಲು ಅದರ ಕಿವಿರಿಗೆ, ಮೂತ್ರಪಿಂಡಕ್ಕೆ ದಿನಗಳು ಬೇಕು. ಆದ್ದರಿಂದ ವಾರಕ್ಕೆ ಹತ್ತೇ ಲೀಟರು ತೆಗೆದು, ಹತ್ತೇ ಲೀಟರು ಕೊಳವೆಬಾವಿಯದನ್ನು ಹಾಕಿದೆ. ಮೊದಲ ವಾರ 11, ಎರಡನೆಯ ವಾರ 12. ಹೀಗೆ ಎಂಟು ವಾರದಲ್ಲಿ 18. ತೊಟ್ಟಿಗೆ ಬಿಗಿಯಾದ ಗಾಜಿನ ಮುಚ್ಚಳ ಹಾಕಿದ್ದೆ, ಏಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಸುಣ್ಣ ಹಿಂದೆಯೇ ಉಳಿದು ಗಡಸನ್ನು ಹೆಚ್ಚಿಸುತ್ತದೆ. ಬೇಸಿಗೆಯಲ್ಲಿ ಬತ್ತುವ ಕೆರೆಗಳಲ್ಲೂ ನಡೆಯುವುದು ಇದೇ. ಪ್ರತಿದಿನ ಬೆಳಗ್ಗೆ ದೀಪ ಹಾಕುವ ಮೊದಲು ಮೀನುಗಳನ್ನು ಎಣಿಸುತ್ತಿದ್ದೆ. ಆ ಎರಡು ತಿಂಗಳಲ್ಲಿ ಸತ್ತದ್ದು ಎರಡು ಮುದಿ ಗಂಡುಗಳು. ಹುಟ್ಟಿದ್ದು ಮೂವತ್ತಕ್ಕೂ ಮೇಲೆ.

ತೆಗೆದ ಹತ್ತು ಲೀಟರನ್ನು ಮೋರಿಗೆ ಚೆಲ್ಲಲಿಲ್ಲ. ನೈಟ್ರೇಟಿನ ಆ ನೀರನ್ನು ಒಂದು ಬಕೆಟ್ಟಿನಲ್ಲಿ ಅಜ್ಜಿಯ ಮಲ್ಲಿಗೆಯ ಬುಡಕ್ಕೆ ಕಳುಹಿಸಿದೆ. ಮೊದಲು ‘ಮೀನಿನ ನೀರು’ ಎಂದು ಮೂಗು ಮುರಿದರು. ಬೀದಿಯ ಗಿಡಗಳೆಲ್ಲ ಬಾಡಿದ್ದಾಗ ಅವರ ಮಲ್ಲಿಗೆ ಹೂವು ಬಿಟ್ಟಿತು. ಆ ಮೇಲೆ ಶನಿವಾರ ಬಂತೆಂದರೆ ‘ಏನಪ್ಪ, ಇವತ್ತು ನೀರು ಬದಲಾಯಿಸುವುದಿಲ್ಲವೆ?’ ಎಂದು ಅವರೇ ವಿಚಾರಿಸತೊಡಗಿದರು.

ಅದಿರಲಿ. ಅಜ್ಜಿಯ ಕೋಪ ಇಳಿಯಿತು. ನಮ್ಮ ಬೀಗರ ನಡುವೆ ಮಾತ್ರ ಬೇರೊಂದು ನೀರು ಕಲಕಿತು. ಹೇಮಾವತಿಯ ನೀರನ್ನು ಕಾಲುವೆಯ ಮೇಲ್ಭಾಗದಿಂದಲೇ ನೇರವಾಗಿ ಕುಣಿಗಲಿನತ್ತ ಒಯ್ಯುವ ಸಂಪರ್ಕ ಕಾಲುವೆಯ ಯೋಜನೆ ಬಂತು. ಕಾಲುವೆಯ ಕೊನೆಯಲ್ಲಿರುವ ನಮಗೆ ಪಾಲಿನ ನೀರು ಎಂದೂ ಮುಟ್ಟಲಿಲ್ಲವೆಂದು ಕುಣಿಗಲಿನವರು. ನಮ್ಮ ನೀರು ನಮ್ಮ ಕಣ್ಣೆದುರೇ ದಾಟಿ ಹೋಗುತ್ತದೆಂದು ಗುಬ್ಬಿ, ತುಮಕೂರಿನವರು. 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಕಾಮಗಾರಿಯ ವಿರುದ್ಧ ಬೀದಿಗಿಳಿದರು. ಅಕ್ಕನ ಮಗ ಅಲ್ಲಿದ್ದ. ಭಾವಮೈದನ ತೆಂಗಿನ ತೋಟ ಕಾಲುವೆಯ ನೀರನ್ನು ನಂಬಿ ಒಣಗುತ್ತಿದೆ. ಇಬ್ಬರೂ ಸುಳ್ಳು ಹೇಳುವವರಲ್ಲ, ಕಷ್ಟವಿರುವುದೂ ಅಲ್ಲಿಯೇ. ಮದುವೆ ಮುಂಜಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದವರು ಬೇರೆ ಬೇರೆ ಪಂಕ್ತಿ ಹುಡುಕತೊಡಗಿದರು.

ಆ ಆಷಾಢದಲ್ಲಿ ನನ್ನ ಹೆಂಡತಿಗೆ ಜ್ವರವೆಂದು ಕೇಳಿ, ಒಬ್ಬರಿಗೆ ತಿಳಿಯದಂತೆ ಒಬ್ಬರು, ಅಕ್ಕ ಮತ್ತು ಭಾವಮೈದ ಒಂದೇ ಮಧ್ಯಾಹ್ನ ನಮ್ಮ ಮನೆಗೆ ಬಂದುಬಿಟ್ಟರು. ಕಾಫಿಯಾಯಿತು. ಮಳೆಯ ಮಾತು ಬಂದರೆ ಕಾಲುವೆಗೆ ಹೋಗುತ್ತದೆ, ತೆಂಗಿನ ಮಾತು ಬಂದರೂ ಕಾಲುವೆಗೇ ಹೋಗುತ್ತದೆ. ಆದ್ದರಿಂದ ಯಾರೂ ಮಾತನಾಡಲಿಲ್ಲ. ಅಕ್ಕ ಎದ್ದು ತೊಟ್ಟಿಯ ಹತ್ತಿರ ಹೋದಳು. ‘ನಮ್ಮ ಮೀನು ಎಷ್ಟು ಹೆಚ್ಚಿವೆಯೋ!’ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಭಾವಮೈದ ಇನ್ನೊಂದು ಬದಿಯಿಂದ ಬಂದು ಬಗ್ಗಿದ. ‘ನಮ್ಮ ಗಿಡ ಹಬ್ಬಿದ್ದನ್ನು ನೋಡಿ’ ಎಂದ. ಒಂದು ಹೆಣ್ಣು ಗಪ್ಪಿ ಮರಿ ಹಾಕುತ್ತಿತ್ತು. ಗಪ್ಪಿ ಮೊಟ್ಟೆಯಿಡುವ ಮೀನಲ್ಲ, ಮರಿಯನ್ನೇ ಹೆರುತ್ತದೆ. ಎಳ್ಳಿನಂಥ ಕಣ್ಣುಗಳ ಮರಿಗಳು ಒಂದೊಂದಾಗಿ ಹೊರಬಿದ್ದು, ದೊಡ್ಡ ಮೀನುಗಳ ಬಾಯಿಗೆ ಸಿಕ್ಕದಂತೆ ನೇರವಾಗಿ ಹೈಡ್ರಿಲ್ಲದ ಪೊದೆಗೆ ನುಗ್ಗಿದವು. ‘ನಿಮ್ಮ ಗಿಡ ಇರದಿದ್ದರೆ ಇವು ಉಳಿಯುತ್ತಿರಲಿಲ್ಲ’ ಎಂದು ಅಕ್ಕ ಮೆಲ್ಲಗೆ ಹೇಳಿದಳು. ಭಾವಮೈದ ಉತ್ತರ ಕೊಡಲಿಲ್ಲ. ಕುರ್ಚಿಯನ್ನು ಅವಳತ್ತ ಎಳೆದಿಟ್ಟ.

ಇಷ್ಟರಿಂದ ಕಾಲುವೆಯ ವ್ಯಾಜ್ಯ ತೀರಿತೆಂದು ನಾನು ಹೇಳುತ್ತಿಲ್ಲ. ಗಾಜಿನ ತೊಟ್ಟಿಯ ನ್ಯಾಯದಿಂದ ಎರಡು ತಾಲ್ಲೂಕಿನ ತೋಟಗಳು ನೆನೆಯುವುದಿಲ್ಲ. ಆದರೆ ನಮ್ಮ ಜಗಳವೆಲ್ಲ ನೀರು ಎಷ್ಟು ಎಂಬುದರ ಮೇಲೆ. ಅದು ಎಂಥದು, ಯಾವಾಗ ಬರುತ್ತದೆ, ಬರುವುದೆಂದು ನಂಬಬಹುದೆ ಎಂದು ಕೇಳುವವರು ಕಡಮೆ. ಹನ್ನೊಂದು ವರ್ಷದ ಲೆಕ್ಕದ ಪುಸ್ತಕ ನನಗೆ ತೋರಿಸಿದ್ದು ಇಷ್ಟು: ಜೀವ ಗಡಸನ್ನು ತಾಳುತ್ತದೆ, ಮೆದುವನ್ನು ತಾಳುತ್ತದೆ, ಕೊರತೆಯನ್ನೂ ತಾಳುತ್ತದೆ, ಇಂದೊಂದು ನಾಳೆಯೊಂದು ಎಂಬುದನ್ನು ತಾಳುವುದಿಲ್ಲ. ತೋಟದ ರೈತನನ್ನು ಕೇಳಿದರೂ, ನಲ್ಲಿಯ ಮುಂದೆ ಕೊಡ ಹಿಡಿದು ಕಾಯುವ ಹೆಂಗಸನ್ನು ಕೇಳಿದರೂ ಅದನ್ನೇ ಹೇಳಿಯಾರು.

ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ತುಮಕೂರು ತಾಲ್ಲೂಕಿನಿಂದ ಹೊರಟು, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಿಂತು, ಕೊನೆಗೆ ಕಾವೇರಿಯನ್ನು ಸೇರುತ್ತದೆ. ಹೇಮಾವತಿಯ ಕಾಲುವೆ ಬರುವ ಎಷ್ಟೋ ಕಾಲ ಮೊದಲೇ ಮೂರೂರಿನ ಮಂದಿಗೆ ಒಂದೇ ನೀರನ್ನು ಸರದಿಯ ಮೇಲೆ ಕುಡಿಸಿದ ನದಿ ಅದು. ಈಗ ಮಳೆಗಾಲದಲ್ಲಷ್ಟೇ ಅದರ ನೆನಪಾಗುತ್ತದೆ. ಮುಂದಿನ ಸಲ ಅದು ಹರಿದಾಗ ಮೂರು ಕಡೆಯಿಂದಲೂ ಒಂದೊಂದು ಶೀಶೆ ತುಂಬಿ ತರಬೇಕೆಂದು ಅಕ್ಕನಿಗೂ ಭಾವಮೈದನಿಗೂ ಹೇಳಿಟ್ಟಿದ್ದೇನೆ. ಪುಸ್ತಕದಲ್ಲಿ ಮೂರು ಕಲಂ ಗೀಚಿಟ್ಟು ಕಾಯುತ್ತಿದ್ದೇನೆ.